ಕಣ್ತಪ್ಪಿಸುವ ಪಲ್ಸ್‌ಗೆ ಟ್ರಿಗರಿನ ಬಲೆ

ಪೂರ್ತಿ ಕೆಟ್ಟು ಕೂತ ಸರ್ಕ್ಯೂಟನ್ನು ರಿಪೇರಿ ಮಾಡುವುದು ದೊಡ್ಡ ಕಷ್ಟವಲ್ಲ. ವೋಲ್ಟೇಜ್ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಮಲ್ಟಿಮೀಟರ್ ಹಿಡಿದು ಹುಡುಕುತ್ತ ಹೋದರೆ ತಪ್ಪು ಸಿಕ್ಕಿಯೇ ಸಿಗುತ್ತದೆ. ತಲೆ ತಿನ್ನುವುದು ದಿನವಿಡೀ ಸರಿಯಾಗಿದ್ದು ಯಾವಾಗಲೋ ಒಮ್ಮೆ ಕೈಕೊಡುವ ಸರ್ಕ್ಯೂಟ್. ಕೌಂಟರ್ ಒಂದು ಹೆಚ್ಚು ಎಣಿಸುತ್ತದೆ, ಮೈಕ್ರೊಕಂಟ್ರೋಲರ್ ಕಾರಣವಿಲ್ಲದೆ ರೀಸೆಟ್ ಆಗುತ್ತದೆ, ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರ ಹಾಳಾಗುತ್ತದೆ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ಬಿಡಿಸುವ ಆಸಿಲೋಸ್ಕೋಪ್ ತಂದು, ಅದರ ಮೊನೆಯಾದ ಪ್ರೋಬ್ ಹಚ್ಚಿದರೆ ತೆರೆಯ ಮೇಲೆ ಎಲ್ಲವೂ ಅಚ್ಚುಕಟ್ಟು. ಚೌಕಾಕಾರದ ಪಲ್ಸ್‌ಗಳು, ಅಂದರೆ ವೋಲ್ಟೇಜ್ ಏರಿ ಇಳಿಯುವ ಮಿಡಿತಗಳು, ಸಾಲಾಗಿ ನಿಂತಿರುತ್ತವೆ. ಇಷ್ಟು ನೋಡಿ ‘ಸಿಗ್ನಲ್ ಸರಿಯಾಗಿದೆ’ ಎಂದು ತೀರ್ಪು ಕೊಡುವವರು ಬಹಳ. ಆ ತೀರ್ಪಿಗೆ ಆಧಾರವಿಲ್ಲ.

ಏಕೆ ಇಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಡಿಜಿಟಲ್ ಸ್ಕೋಪ್ ಸಿಗ್ನಲನ್ನು ಎಡೆಬಿಡದೆ ತೋರಿಸುವುದಿಲ್ಲ. ಒಂದು ತುಣುಕನ್ನು ದಾಖಲಿಸಿಕೊಳ್ಳುತ್ತದೆ, ಅದನ್ನು ಸಂಸ್ಕರಿಸಿ ತೆರೆಯ ಮೇಲೆ ಬಿಡಿಸುತ್ತದೆ, ಆಮೇಲೆ ಮುಂದಿನ ತುಣುಕಿಗೆ ಸಿದ್ಧವಾಗುತ್ತದೆ. ಈ ನಡುವಿನ ಹೊತ್ತಿನಲ್ಲಿ ಅದು ಕುರುಡು. ಹವ್ಯಾಸಿಗಳ ಮೇಜಿನ ಮೇಲೆ ಹೆಚ್ಚಾಗಿ ಕಾಣುವ ರೈಗಾಲ್ ಡಿಎಸ್1054ಝಡ್ ಮಾದರಿಯನ್ನೇ ತೆಗೆದುಕೊಳ್ಳಿ. ತಯಾರಕರು ಹೇಳುವ ಪ್ರಕಾರ ಅದು ಸೆಕೆಂಡಿಗೆ ಹೆಚ್ಚೆಂದರೆ 30,000 ತುಣುಕುಗಳನ್ನು ಹಿಡಿಯುತ್ತದೆ. ತೆರೆಯ ಮೇಲೆ ಗೆರೆ ಹಾಕಿದ ಒಂದು ಮನೆಗೆ 100 ನ್ಯಾನೊಸೆಕೆಂಡ್ ಎಂದು ಇಟ್ಟರೆ, ಅಡ್ಡಡ್ಡ 12 ಮನೆಗಳಿರುವ ಆ ತೆರೆಯಲ್ಲಿ ಒಂದು ತುಣುಕಿನ ಉದ್ದ 1.2 ಮೈಕ್ರೊಸೆಕೆಂಡ್. ಎರಡನ್ನೂ ಗುಣಿಸಿದರೆ 36 ಮಿಲಿಸೆಕೆಂಡ್. ಅಂದರೆ ಪ್ರತಿ ಸೆಕೆಂಡಿನಲ್ಲಿ ಸ್ಕೋಪ್ ನಿಜವಾಗಿ ನೋಡಿದ್ದು ಶೇಕಡಾ 3.6 ಭಾಗ ಮಾತ್ರ. ಉಳಿದ ಶೇಕಡಾ 96.4 ಭಾಗದಲ್ಲಿ ಏನು ನಡೆಯಿತೋ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ದೋಷದ ಪಲ್ಸ್ ಸೆಕೆಂಡಿಗೊಮ್ಮೆ ಬರುತ್ತಿದ್ದರೆ, ಅದು ಒಮ್ಮೆಯಾದರೂ ತೆರೆಯ ಮೇಲೆ ಬರುವ ಸಾಧ್ಯತೆ ಶೇಕಡಾ 95 ಆಗಬೇಕಾದರೆ ಸುಮಾರು 80 ಸೆಕೆಂಡ್ ಕಣ್ಣು ಮಿಟುಕಿಸದೆ ನೋಡಬೇಕು. ಗಂಟೆಗೊಮ್ಮೆ ಬರುವಂಥದ್ದಾದರೆ 80 ಗಂಟೆ. ಅದೂ ಕ್ಷಣಮಾತ್ರ ಮಿಂಚಿ ಮರೆಯಾಗುವ ಒಂದೇ ಒಂದು ಗೆರೆಗಾಗಿ. ಜಾತ್ರೆಯ ಹೆಬ್ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಆಗೊಮ್ಮೆ ಈಗೊಮ್ಮೆ ರೆಪ್ಪೆ ತೆರೆದು ಕಳ್ಳನನ್ನು ಹುಡುಕುವ ಕೆಲಸವಿದು.

ಇಲ್ಲಿಗೆ ಬೇಕಾಗುವುದು ಟ್ರಿಗರ್, ಅಂದರೆ ಯಾವ ಘಳಿಗೆಯಲ್ಲಿ ಚಿತ್ರ ಹಿಡಿಯಬೇಕು ಎಂದು ಸ್ಕೋಪಿಗೆ ಹೇಳುವ ಷರತ್ತು. ಟ್ರಿಗರ್ ಇರುವುದೇ ಓಡುವ ಚಿತ್ರವನ್ನು ನಿಲ್ಲಿಸುವುದಕ್ಕೆ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹೇಳಿಕೊಡುತ್ತಾರೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಜರ್ಮನಿಯ ವಿಜ್ಞಾನಿ ಬ್ರೌನ್ 1897ರಲ್ಲಿ ಕ್ಯಾಥೋಡ್ ಕಿರಣದ ಕೊಳವೆ ಮಾಡಿದ ಮೇಲೆ ಬಂದ ಹಳೆಯ ಸ್ಕೋಪ್‌ಗಳಲ್ಲಿ ಕಿರಣ ತನ್ನ ಪಾಡಿಗೆ ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತಿತ್ತು. ಗುಂಡಿ ತಿರುಗಿಸಿ ಆ ಓಟವನ್ನು ಸಿಗ್ನಲಿನ ವೇಗಕ್ಕೆ ಹೊಂದಿಸಬೇಕಿತ್ತು. ಒಂದೇ ಸಮನೆ ಮರುಕಳಿಸುವ ಸಿಗ್ನಲಿಗೆ ಅದು ಸಾಕು; ಒಂಟಿ ಪಲ್ಸ್‌ಗೆ ಏನೂ ಪ್ರಯೋಜನವಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹೋವರ್ಡ್ ವೊಲಮ್ ಮತ್ತು ಜ್ಯಾಕ್ ಮರ್ಡಾಕ್ 1946ರಲ್ಲಿ ಕಟ್ಟಿದ ಟೆಕ್ಟ್ರಾನಿಕ್ಸ್ ಕಂಪನಿಯ ಮೊದಲ ಸ್ಕೋಪ್ 511 ಮರುವರ್ಷ ಹೊರಬಂದಾಗ, ಸಿಗ್ನಲ್ ಬಂದು ಕರೆದರೆ ಮಾತ್ರ ಕಿರಣ ಹೊರಡುವ ವ್ಯವಸ್ಥೆ ಸಾಮಾನ್ಯ ಎಂಜಿನಿಯರಿನ ಕೈಗೂ ಸಿಕ್ಕಿತು. ಯಾವಾಗ ನೋಡಬೇಕು ಎಂಬ ತೀರ್ಮಾನ ಸಿಗ್ನಲಿನ ಕೈಗೆ ಹೋಯಿತು. ಇವತ್ತಿನ ಟ್ರಿಗರ್ ಮೆನುವಿನಲ್ಲಿ ಇರುವ ಉದ್ದನೆಯ ಪಟ್ಟಿಯೆಲ್ಲ ಆ ಒಂದು ಉಪಾಯದ ಸಂತಾನ.

ಸ್ಕೋಪ್ ತೆಗೆದ ಕೂಡಲೇ ಸಿಗುವುದು ಎಡ್ಜ್ ಟ್ರಿಗರ್. ನಿಗದಿಮಾಡಿದ ವೋಲ್ಟೇಜನ್ನು ಸಿಗ್ನಲ್ ಏರುತ್ತಲೋ ಇಳಿಯುತ್ತಲೋ ದಾಟಿದರೆ ಸಾಕು, ಅದು ಹಾರುತ್ತದೆ. ಒಳ್ಳೆಯ ಪಲ್ಸ್‌ಗೂ ಏರುವ ಅಂಚಿದೆ, ಕೆಟ್ಟದ್ದಕ್ಕೂ ಇದೆ. ಹೀಗಾಗಿ ಎಡ್ಜ್ ಟ್ರಿಗರ್ ಒಳ್ಳೆಯ ಪಲ್ಸ್‌ಗೆಲ್ಲ ಹಾರಿ ಹಾರಿ, ಪ್ರತಿ ಸಲವೂ ಸ್ಕೋಪನ್ನು ದಾಖಲಿಸುವ, ಬಿಡಿಸುವ ಕೆಲಸಕ್ಕೆ ತಳ್ಳಿ ಕುರುಡಾಗಿಸುತ್ತದೆ. ಪಲ್ಸ್ ಅಗಲದ ಟ್ರಿಗರ್ ಹಾಗಲ್ಲ. ಅಂಚು ಕಂಡ ಕೂಡಲೇ ಒಳಗಿನ ಟೈಮರ್ ಎಣಿಕೆ ಶುರು ಮಾಡುತ್ತದೆ. ಪಲ್ಸ್ ಮುಗಿದಾಗ ಅದರ ಅಗಲ ನಾವು ಹಾಕಿದ ಷರತ್ತಿಗೆ ಹೊಂದಿದರೆ ಮಾತ್ರ ಟ್ರಿಗರ್. ಹೊಂದದ ಪಲ್ಸ್‌ಗಳು ದಾಟಿ ಹೋಗುತ್ತವೆ, ಅವುಗಳಿಗಾಗಿ ಚಿತ್ರ ಬಿಡಿಸುವ ಕೆಲಸವೇ ಹುಟ್ಟುವುದಿಲ್ಲ. ಕೆಲಸವಿಲ್ಲದಿದ್ದರೆ ಕುರುಡೂ ಇಲ್ಲ. ಸ್ಕೋಪ್ ಬದಲಾಗಿಲ್ಲ, ವೇಗ ಹೆಚ್ಚಿಲ್ಲ; ಪ್ರಶ್ನೆ ಮಾತ್ರ ಬದಲಾಗಿದೆ.

ಕೈಯಾರೆ ಹುಟ್ಟಿಸಿದ ಗ್ಲಿಚ್

ಬರಬಾರದ ಹೊತ್ತಿನಲ್ಲಿ ಬಂದುಹೋಗುವ ಕಿರುಪಲ್ಸ್‌ಗೆ ಗ್ಲಿಚ್ ಎನ್ನುತ್ತಾರೆ. ಅದನ್ನು ಹಿಡಿಯುವುದನ್ನು ಕಲಿಯಲು ಸುಲಭ ದಾರಿ, ದೋಷವನ್ನು ಬೇಕೆಂದೇ ಹುಟ್ಟಿಸಿಕೊಳ್ಳುವುದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುವ ಎರಡು ಅಗ್ಗದ ಚಿಪ್‌ಗಳು ಸಾಕು: ಸಿಡಿ4040 ಎಂಬ ರಿಪಲ್ ಕೌಂಟರ್, 74ಎಚ್‌ಸಿ4002 ಎಂಬ ನಾಲ್ಕು ಇನ್‌ಪುಟ್‌ಗಳ ನಾರ್ ಗೇಟ್. ಎರಡಕ್ಕೂ 5 ವೋಲ್ಟ್. ಕೌಂಟರಿನ 10ನೇ ಪಿನ್ನಿಗೆ 1 ಕಿಲೋಹರ್ಟ್ಸ್ ಚೌಕ ಅಲೆ, 11ನೇ ಪಿನ್ನಾದ ರೀಸೆಟ್ ಗ್ರೌಂಡಿಗೆ. ಮೊದಲ ನಾಲ್ಕು ಔಟ್‌ಪುಟ್‌ಗಳು, ಅಂದರೆ 9, 7, 6, 5ನೇ ಪಿನ್‌ಗಳು, ನಾರ್ ಗೇಟಿನ ನಾಲ್ಕು ಇನ್‌ಪುಟ್‌ಗಳಿಗೆ. ಗೇಟಿನ ಬಳಸದ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿ. ತೇಲಾಡಲು ಬಿಟ್ಟರೆ ನಾವು ಹುಟ್ಟಿಸದ ದೋಷಗಳೂ ಹುಟ್ಟುತ್ತವೆ.

ನಾಲ್ಕೂ ಬಿಟ್ ಸೊನ್ನೆಯಾದಾಗ ಮಾತ್ರ ನಾರ್ ಗೇಟಿನ ಔಟ್‌ಪುಟ್ ಮೇಲೇರಬೇಕು. ಕೌಂಟರಿಗೆ ಕೊಟ್ಟ ಚೌಕ ಅಲೆಯ, ಅಂದರೆ ಗಡಿಯಾರದ, ಹದಿನಾರು ಪಲ್ಸ್‌ಗೆ ಒಂದು ಸಲ, 1 ಮಿಲಿಸೆಕೆಂಡ್ ಅಗಲದ ಒಂದು ಪಲ್ಸ್. ಕಾಗದದ ಮೇಲೆ ಅಷ್ಟೇ. ಆದರೆ ರಿಪಲ್ ಕೌಂಟರಿನಲ್ಲಿ ಬಿಟ್‌ಗಳು ಒಟ್ಟಿಗೆ ಬದಲಾಗುವುದಿಲ್ಲ. ಒಂದನೆಯದು ಬಿದ್ದರೆ ಅದು ಎರಡನೆಯದನ್ನು ತಳ್ಳುತ್ತದೆ, ಎರಡನೆಯದು ಮೂರನೆಯದನ್ನು. 7ರಿಂದ 8ಕ್ಕೆ ಹೋಗುವಾಗ 0111 ಮೊದಲು 0110 ಆಗುತ್ತದೆ, ಆಮೇಲೆ 0100, ಆಮೇಲೆ 0000, ಕೊನೆಗೆ 1000. ನಡುವಿನ ಆ 0000 ಬದುಕುವುದು ಒಂದು ಹಂತದ ವಿಳಂಬದಷ್ಟು ಕಾಲ. ಚಿಪ್ಪಿನ ತಯಾರಕರನ್ನು ಅವಲಂಬಿಸಿ ಹತ್ತಾರು ನ್ಯಾನೊಸೆಕೆಂಡಿನಿಂದ ನೂರರ ಆಸುಪಾಸಿನವರೆಗೆ. ಗೇಟಿಗೆ ಅಷ್ಟು ಸಾಕು, ಸೊನ್ನೆ ಬಂತೆಂದು ಕೂಗಿಬಿಡುತ್ತದೆ. 1ರಿಂದ 2ಕ್ಕೆ, 3ರಿಂದ 4ಕ್ಕೆ ಹೋಗುವಾಗಲೂ ಇದೇ ಕಥೆ. ಹೀಗೆ ಒಂದು ಸಾಚಾ ಪಲ್ಸ್‌ಗೆ ಮೂರು ಖೋಟಾ ಪಲ್ಸ್. ಈ ಔಟ್‌ಪುಟ್ಟನ್ನು ಇನ್ನೊಂದು ಕೌಂಟರಿಗೆ ಕೊಟ್ಟರೆ ಅದು ಒಂದರ ಬದಲು ನಾಲ್ಕು ಎಣಿಸಬಹುದು.

ಈಗ ಸ್ಕೋಪಿನಲ್ಲಿ ನೋಡಿ. ಮನೆಗೆ 1 ಮಿಲಿಸೆಕೆಂಡ್ ಇಟ್ಟರೆ ತೆರೆಯ ಅಗಲ 12 ಮಿಲಿಸೆಕೆಂಡ್. ಮೆಮೊರಿಯನ್ನು 12,000 ಅಳತೆಯ ಬಿಂದುಗಳಿಗೆ ಇಳಿಸಿದ್ದರೆ ಮೈಕ್ರೊಸೆಕೆಂಡಿಗೆ ಒಂದೇ ಬಿಂದು. ನೂರು ನ್ಯಾನೊಸೆಕೆಂಡಿನ ಗ್ಲಿಚ್ ಎರಡು ಬಿಂದುಗಳ ನಡುವೆ ಆರಾಮವಾಗಿ ಅಡಗುತ್ತದೆ. ಕಾಣುವ ಸಾಧ್ಯತೆ ಹತ್ತರಲ್ಲಿ ಒಂದು. ಆದರೆ ವೋಲ್ಟೇಜನ್ನು ನಿಗದಿತ ಮಟ್ಟಕ್ಕೆ ಹೋಲಿಸುವ ಟ್ರಿಗರಿನ ಕಂಪ್ಯಾರೇಟರಿಗೆ ಆ ಬಿಂದುಗಳ ಹಂಗಿಲ್ಲ, ಅದು ಗ್ಲಿಚ್ಚಿನ ಅಂಚಿಗೂ ಹಾರುತ್ತದೆ. ಪರಿಣಾಮ, ಚಿತ್ರ ಒಂದೆಡೆ ನಿಲ್ಲದೆ ಜಿಗಿದಾಡುತ್ತದೆ.

ಇಲ್ಲಿ ಅನುಭವಿಗಳೂ ಒಂದು ಕೆಲಸ ಮಾಡುತ್ತಾರೆ. ಜಿಗಿತ ನಿಲ್ಲಿಸಲು ಹೋಲ್ಡ್‌ಆಫ್ ಹೆಚ್ಚಿಸುತ್ತಾರೆ. ಒಮ್ಮೆ ಟ್ರಿಗರ್ ಆದ ಮೇಲೆ ಮತ್ತೆ ಎಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರಬೇಕು ಎಂಬುದೇ ಹೋಲ್ಡ್‌ಆಫ್. ನಮ್ಮ ಸರ್ಕ್ಯೂಟಿನಲ್ಲಿ ಸಾಚಾ ಪಲ್ಸ್ ಬಂದ 2, 4, 8ನೇ ಮಿಲಿಸೆಕೆಂಡಿಗೆ ಗ್ಲಿಚ್‌ಗಳು ಬರುತ್ತವೆ, 16ಕ್ಕೆ ಮತ್ತೆ ಸಾಚಾ ಪಲ್ಸ್. ಹೋಲ್ಡ್‌ಆಫ್ 9 ಮಿಲಿಸೆಕೆಂಡ್ ಇಟ್ಟುಬಿಟ್ಟರೆ ಮೂರೂ ಗ್ಲಿಚ್‌ಗಳ ಹೊತ್ತಿಗೆ ಟ್ರಿಗರ್ ಮಲಗಿರುತ್ತದೆ. ಚಿತ್ರ ಬಂಡೆಯಂತೆ ನಿಲ್ಲುತ್ತದೆ, ನೋಡಲು ಸುಂದರ, ರೋಗ ಮಾತ್ರ ಮುಚ್ಚಿಹೋಯಿತು. ಕಾರಣ ತಿಳಿಯದೆ ಜಿಗಿದಾಡುವ ಚಿತ್ರವನ್ನು ನಿಲ್ಲಿಸಲು ಹೊರಡುವ ಮೊದಲು, ಅದು ಜಿಗಿಯುತ್ತಿರುವುದು ಏಕೆ ಎಂದು ಕೇಳಿಕೊಳ್ಳಬೇಕು. ಎಲ್ಲ ಹೊಂದಾಣಿಕೆಯನ್ನೂ ತಾನೇ ಮಾಡುವ ಆಟೊ ಸೆಟ್ ಗುಂಡಿಯ ಮೇಲೆ ನನಗಿರುವ ಸಿಟ್ಟಿಗೂ ಇದೇ ಕಾರಣ: ಸಿಗ್ನಲ್ ಚೆನ್ನಾಗಿಯೇ ಇದೆ ಎಂದು ಮೊದಲೇ ನಂಬಿಕೊಂಡು ಅದು ಕೆಲಸ ಶುರು ಮಾಡುತ್ತದೆ.

ಸರಿಯಾದ ದಾರಿ ಹೀಗೆ. ಟ್ರಿಗರ್ ಬಗೆ ಪಲ್ಸ್, ಧ್ರುವತೆ ಧನ (ಮೇಲೇರಿ ಇಳಿಯುವ ಪಲ್ಸ್), ಮಟ್ಟ ಸುಮಾರು 2.5 ವೋಲ್ಟ್, ಷರತ್ತು ‘500 ಮೈಕ್ರೊಸೆಕೆಂಡಿಗಿಂತ ಕಡಿಮೆ’. ಮನೆಗೆ 100 ನ್ಯಾನೊಸೆಕೆಂಡ್. ಗ್ಲಿಚ್ ತೆರೆಯ ನಟ್ಟನಡುವೆ ಬಂದು ಕೂರುತ್ತದೆ. ಗ್ಲಿಚ್ ನೂರು ನ್ಯಾನೊಸೆಕೆಂಡಿನದಾದರೆ 500 ಮೈಕ್ರೊಸೆಕೆಂಡ್ ಏಕೆ, ‘200 ನ್ಯಾನೊಸೆಕೆಂಡಿಗಿಂತ ಕಡಿಮೆ’ ಎಂದೇಕೆ ಹಾಕಬಾರದು ಎಂದು ಕೇಳಬಹುದು. ಇಡೀ ವಿದ್ಯೆಯ ತಿರುಳು ಇರುವುದೇ ಈ ಪ್ರಶ್ನೆಯಲ್ಲಿ. ನಿಜವಾದ ರಿಪೇರಿಯಲ್ಲಿ ಗ್ಲಿಚ್ ಎಷ್ಟು ಅಗಲ ಎಂದು ನಮಗೆ ಮೊದಲೇ ತಿಳಿದಿರುವುದಿಲ್ಲ. ತಿಳಿದಿರುವುದು ಒಳ್ಳೆಯ ಪಲ್ಸ್ ಹೇಗಿರಬೇಕು ಎಂಬುದು. ಒಳ್ಳೆಯದು 1 ಮಿಲಿಸೆಕೆಂಡ್ ಇರಲೇಬೇಕಾದಲ್ಲಿ ಅದರ ಅರ್ಧವೂ ಇಲ್ಲದ್ದು ಏನೇ ಆಗಿರಲಿ, ತಪ್ಪೇ. ಕಳ್ಳನ ಮುಖ ಊಹಿಸಿ ಷರತ್ತು ಹಾಕಿದರೆ ಬೇರೆ ಮುಖದ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಸಾಚಾತನದ ಎಲ್ಲೆ ಎಳೆದು, ಅದರಾಚೆಗಿನ ಎಲ್ಲವನ್ನೂ ಹಿಡಿಯಬೇಕು.

ಸಹಜವೆಂದರೆ ಎಷ್ಟು?

ಈ ಎಲ್ಲೆ ಸ್ಕೋಪಿನಲ್ಲಿ ಸಿಗುವುದಿಲ್ಲ. ಸಿಗುವುದು ಚಿಪ್ಪಿನ ತಯಾರಕರು ಕೊಡುವ ಡೇಟಾಶೀಟಿನಲ್ಲಿ ಅಥವಾ ಪ್ರೋಟೋಕಾಲಿನ ನಿಯಮದಲ್ಲಿ. ಒಂದೊಂದೇ ಬಿಟ್ಟನ್ನು ಸಾಲಾಗಿ ಸೆಕೆಂಡಿಗೆ 115200ರಂತೆ ಕಳಿಸುವ ಸೀರಿಯಲ್ ಲೈನ್ ತೆಗೆದುಕೊಳ್ಳಿ. ಒಂದು ಬಿಟ್ಟಿನ ಕಾಲ 8.68 ಮೈಕ್ರೊಸೆಕೆಂಡ್. ಯಾವ ಅಕ್ಷರ ಕಳಿಸಿದರೂ ಇದಕ್ಕಿಂತ ಕಿರಿದಾದ ಪಲ್ಸ್ ಆ ತಂತಿಯಲ್ಲಿ ಹುಟ್ಟುವಂತಿಲ್ಲ. ‘7 ಮೈಕ್ರೊಸೆಕೆಂಡಿಗಿಂತ ಕಡಿಮೆ’ ಎಂದು ಋಣ ಪಲ್ಸ್‌ಗೊಮ್ಮೆ, ಧನ ಪಲ್ಸ್‌ಗೊಮ್ಮೆ ಬಲೆ ಹಾಕಿದರೆ ಹೊರಗಿನಿಂದ ನುಗ್ಗಿದ ವಿದ್ಯುತ್ ಸದ್ದೆಲ್ಲ (ನಾಯ್ಸ್) ಸಿಕ್ಕಿಬೀಳುತ್ತದೆ. ಇನ್ನೊಂದು ತುದಿಗೂ ಎಲ್ಲೆ ಇದೆ. ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್) ಇಲ್ಲದ ಎಂಟು ಬಿಟ್ಟಿನ ಅಕ್ಷರದಲ್ಲಿ ಲೈನ್ ಕೆಳಗಿರುವುದು ಹೆಚ್ಚೆಂದರೆ ಸ್ಟಾರ್ಟ್ ಬಿಟ್ ಮತ್ತು ಎಂಟು ಸೊನ್ನೆಗಳಷ್ಟು ಹೊತ್ತು, ಒಟ್ಟು ಒಂಬತ್ತು ಬಿಟ್, 78.1 ಮೈಕ್ರೊಸೆಕೆಂಡ್. ಅದಾದ ಮೇಲೆ ಸ್ಟಾಪ್ ಬಿಟ್ಟಿಗಾಗಿ ಮೇಲೇರಲೇಬೇಕು. ‘85 ಮೈಕ್ರೊಸೆಕೆಂಡಿಗಿಂತ ಹೆಚ್ಚು’ ಎಂದು ಕೇಳಿದರೆ ಲೈನ್ ಸಿಕ್ಕಿಹಾಕಿಕೊಂಡ ಘಳಿಗೆಗಳು ಸಿಗುತ್ತವೆ. ಡೇಟಾ ಏನೆಂದು ತಿಳಿಯದೆಯೇ, ಒಂದು ಅಕ್ಷರವನ್ನೂ ಓದದೆಯೇ, ತಪ್ಪು ಹೊರಗೆ ಬರುತ್ತದೆ. ಕೈನಡುಕ ಬಂದಂತೆ ಆಡುವ ಸರ್ವೊ ಮೋಟರಿಗೂ ಇದೇ ಮದ್ದು: ಅದರ ಪಲ್ಸ್ 20 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, ಅಗಲ ಸಾಮಾನ್ಯವಾಗಿ 1ರಿಂದ 2 ಮಿಲಿಸೆಕೆಂಡ್, ಆ ವ್ಯಾಪ್ತಿಯ ಹೊರಗಿನದನ್ನು ಕೇಳಿದರೆ ತಪ್ಪು ಕಂಟ್ರೋಲರಿನದೋ ಮೋಟರಿನದೋ ತೀರ್ಮಾನವಾಗುತ್ತದೆ.

ಅಗಲ ಸರಿಯಿದ್ದು ಎತ್ತರ ಕುಂಠಿತವಾದ ಪಲ್ಸ್‌ಗಳೂ ಇವೆ. ಪಲ್ಸ್ ಟ್ರಿಗರ್ ಅಗಲವನ್ನು ಅಳೆಯುವುದು ನಾವಿಟ್ಟ ಒಂದೇ ವೋಲ್ಟೇಜ್ ಮಟ್ಟದಲ್ಲಿ. ಆ ಮಟ್ಟವನ್ನೇ ಮುಟ್ಟದ ಪಲ್ಸ್ ಅದರ ಲೆಕ್ಕಕ್ಕೆ ಹುಟ್ಟೇ ಇಲ್ಲ. ಇಂಥವಕ್ಕೆ ರಂಟ್ ಟ್ರಿಗರ್. ಅದಕ್ಕೆ ಎರಡು ಮಟ್ಟಗಳು: ಕೆಳಗಿನದನ್ನು ದಾಟಿ ಮೇಲೆ ಹೊರಟ ಪಲ್ಸ್, ಮೇಲಿನದನ್ನು ಮುಟ್ಟದೆ ಹಿಂದಿರುಗಿದರೆ ಹಿಡಿ ಎಂದರ್ಥ. ಮಟ್ಟಗಳನ್ನು ಎಲ್ಲಿಡಬೇಕು ಎಂಬುದಕ್ಕೂ ಚಿಪ್ಪೇ ಉತ್ತರ ಕೊಡುತ್ತದೆ. ಟಿಟಿಎಲ್ ಎಂಬ ಬಗೆಯ ಡಿಜಿಟಲ್ ಚಿಪ್ 0.8 ವೋಲ್ಟಿಗಿಂತ ಕೆಳಗಿನದನ್ನು ಸೊನ್ನೆ, 2.0ಕ್ಕಿಂತ ಮೇಲಿನದನ್ನು ಒಂದು ಎಂದು ಖಚಿತವಾಗಿ ಓದುತ್ತದೆ. ಮಧ್ಯೆ ಬಂದು ತಿರುಗಿದ್ದನ್ನು ಹೇಗೆ ಬೇಕಾದರೂ ಓದಬಹುದು. ಒಂದೇ ತಂತಿಯನ್ನು ಎರಡು ಚಿಪ್‌ಗಳು ಒಟ್ಟಿಗೆ ಎಳೆದಾಡಿದಾಗ, ಅಥವಾ ಒಂದು ಬಿಟ್ಟನ್ನು ನೆನಪಿಡುವ ಫ್ಲಿಪ್‌ಫ್ಲಾಪಿನ ಗಡಿಯಾರ ಮತ್ತು ಡೇಟಾ ಒಂದೇ ಘಳಿಗೆಯಲ್ಲಿ ಬದಲಾದಾಗ ಇಂಥ ಅರೆಬರೆ ಪಲ್ಸ್ ಹುಟ್ಟುತ್ತವೆ. ಎರಡನೆಯ ಬಗೆಯದನ್ನು ಚೇನಿ ಮತ್ತು ಮೋಲ್ನರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎತ್ತಿ ತೋರಿಸಿದ್ದರು. ಆ ಹೊತ್ತಿಗೆ ಫ್ಲಿಪ್‌ಫ್ಲಾಪ್ ಹಳೆಯ ಭಾಗವಾಗಿತ್ತು. ಇಷ್ಟು ಪರಿಚಿತ ವಸ್ತುವೂ ಹೀಗೆ ಅರ್ಧದಲ್ಲಿ ತಡವರಿಸುತ್ತದೆ ಎಂದು ಒಪ್ಪಿಸಲು ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು.

ಅಂಚು ನಿಧಾನವಾದಾಗ ಸ್ಲೋಪ್ ಟ್ರಿಗರ್. ಚಿಪ್‌ಗಳು ಎರಡು ತಂತಿಗಳ ಮೇಲೆ ಮಾತಾಡಿಕೊಳ್ಳುವ ಐ2ಸಿ ಬಸ್ಸಿನಲ್ಲಿ ಇದು ನಿತ್ಯದ ಗೋಳು. 400 ಕಿಲೋಹರ್ಟ್ಸ್ ವೇಗದಲ್ಲಿ ಏರುವ ಅಂಚು ಶೇಕಡಾ 30ರಿಂದ 70ರ ಮಟ್ಟಕ್ಕೆ ಹೋಗಲು 300 ನ್ಯಾನೊಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ನಿಯಮ. 3.3 ವೋಲ್ಟಿನ ಬಸ್ಸಿಗೆ ಆ ಮಟ್ಟಗಳು 0.99 ಮತ್ತು 2.31 ವೋಲ್ಟ್. ತಂತಿಯನ್ನು ಮೇಲಕ್ಕೆಳೆಯುವ ರೆಸಿಸ್ಟರ್ (ಪುಲ್‌ಅಪ್) ಆಗಿ ಯಾರೋ 10 ಕಿಲೋಓಮ್ ಹಾಕಿದ್ದಾರೆ, ಉದ್ದದ ತಂತಿಯಿಂದ ಬಸ್ಸಿನ ಕೆಪ್ಯಾಸಿಟೆನ್ಸ್ 200 ಪಿಕೊಫ್ಯಾರಡ್ ಆಗಿದೆ ಎಂದುಕೊಳ್ಳಿ. ಏರಿಕೆಗೆ ಸುಮಾರು 1.7 ಮೈಕ್ರೊಸೆಕೆಂಡ್ ಬೇಕು. ಅದೇ ಜಾಗಕ್ಕೆ 1.5 ಕಿಲೋಓಮ್ ಹಾಕಿದರೆ 250 ನ್ಯಾನೊಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ಪಲ್ಸ್ ಬರಬೇಕಾದಲ್ಲಿ ಬಾರದೆ ಹೋದರೆ ಟೈಮ್‌ಔಟ್ ಟ್ರಿಗರ್ ಇದೆ. ಹೆಸರೇ ಅದರ ಕೆಲಸ ಹೇಳುತ್ತದೆ.

ಯಾವ ಬಗೆಯ ಟ್ರಿಗರ್ ಆರಿಸಿದರೂ ಒಂದು ಗುಂಡಿ ಮರೆಯಬಾರದು. ಸ್ಕೋಪ್ ಸಾಮಾನ್ಯವಾಗಿ ಆಟೊ ಸ್ಥಿತಿಯಲ್ಲಿರುತ್ತದೆ: ಸ್ವಲ್ಪ ಹೊತ್ತು ಟ್ರಿಗರ್ ಬಾರದಿದ್ದರೆ ತಾನೇ ಒಂದು ಚಿತ್ರ ಬಿಡಿಸಿಬಿಡುತ್ತದೆ. ಗಂಟೆಗೊಮ್ಮೆ ಬರುವ ಗ್ಲಿಚ್ ಸಿಕ್ಕಿದರೂ ಅರೆಕ್ಷಣದಲ್ಲಿ ಅದರ ಮೇಲೆ ಬೇರೆ ಚಿತ್ರ ಬಂದು ಬೀಳುತ್ತದೆ. ನಾರ್ಮಲ್ ಸ್ಥಿತಿಗೆ ಬದಲಾಯಿಸಿದರೆ ಷರತ್ತು ಈಡೇರುವವರೆಗೂ ತೆರೆ ಕದಲುವುದಿಲ್ಲ. ಸಿಂಗಲ್ ಒತ್ತಿದರೆ ಒಂದನ್ನು ಹಿಡಿದು ನಿಂತುಬಿಡುತ್ತದೆ. ತೆರೆ ಖಾಲಿಯಾಗಿ ‘ಕಾಯುತ್ತಿದೆ’ ಎಂದು ತೋರಿಸುವಾಗ ಸ್ಕೋಪ್ ಕೆಟ್ಟಿದೆಯೇನೋ ಎಂದು ಗಾಬರಿಯಾಗಿ ಆಟೊ ಒತ್ತುವ ಕೈಯನ್ನು ತಡೆದುಕೊಳ್ಳಬೇಕು, ಅಷ್ಟೇ.

ಸಿಕ್ಕಿದ್ದು ಕಳ್ಳನೇ?

ಪ್ರೋಬ್ ಸುಳ್ಳು ಹೇಳುತ್ತದೆ, ಅದೂ ಎರಡು ದಿಕ್ಕಿನಲ್ಲಿ. ಇರುವ ಗ್ಲಿಚ್ಚನ್ನು ಮರೆಮಾಚುವುದು ಒಂದು: ಪ್ರೋಬಿನ ಸ್ವಿಚ್ 1ಎಕ್ಸ್‌ನಲ್ಲಿದ್ದರೆ ಅದರ ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ವೇಗದ ಬದಲಾವಣೆಯನ್ನು ತೋರಿಸಬಲ್ಲದು ಎಂಬ ಮಿತಿ, ಹತ್ತು ಮೆಗಾಹರ್ಟ್ಸ್ ಆಸುಪಾಸಿಗೆ ಕುಸಿಯುತ್ತದೆ. ಚಾನಲ್ ಮೆನುವಿನಲ್ಲಿ 20 ಮೆಗಾಹರ್ಟ್ಸ್ ಮಿತಿ ಹಾಕಿಟ್ಟು ಮರೆತಿದ್ದರೂ ಅದೇ ಗತಿ. ಇಲ್ಲದ ಗ್ಲಿಚ್ಚನ್ನು ಹುಟ್ಟಿಸುವುದು ಇನ್ನೊಂದು. ಮೊಸಳೆ ಕ್ಲಿಪ್ಪಿನ 15 ಸೆಂಟಿಮೀಟರ್ ಗ್ರೌಂಡ್ ತಂತಿಗೆ ಸುಮಾರು 150 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಪ್ರೋಬ್ ತುದಿಯ 10 ಪಿಕೊಫ್ಯಾರಡ್ ಜೊತೆ ಸೇರಿ ಅದು 130 ಮೆಗಾಹರ್ಟ್ಸ್ ಹತ್ತಿರ ಅನುರಣಿಸುತ್ತದೆ. ಚುರುಕಾದ ಅಂಚು ಬಂದಾಗಲೆಲ್ಲ ಗಂಟೆಯಂತೆ ನಡುಗಿ ಸಣ್ಣ ಸಣ್ಣ ಪಲ್ಸ್ ತೋರಿಸುತ್ತದೆ. ಪ್ರೋಬಿನ ಜೊತೆ ಪೊಟ್ಟಣದಲ್ಲಿ ಬರುವ ಪುಟ್ಟ ಸ್ಪ್ರಿಂಗನ್ನು ಬಹಳ ಮಂದಿ ತೆಗೆದೇ ನೋಡಿರುವುದಿಲ್ಲ. ತುದಿಯ ಪಕ್ಕದಲ್ಲೇ ಗ್ರೌಂಡ್ ಮುಟ್ಟಿಸಲು ಇರುವುದು ಅದು.

ಅನುಮಾನ ಬಂದರೆ ಒಂದು ಪರೀಕ್ಷೆ ಮಾಡಿ. ಪ್ರೋಬಿನ ತುದಿಯನ್ನೂ ಅದರ ಗ್ರೌಂಡನ್ನೂ ಬೋರ್ಡಿನ ಒಂದೇ ಗ್ರೌಂಡ್ ಬಿಂದುವಿಗೆ ಹಚ್ಚಿ. ಈಗ ತೆರೆಯ ಮೇಲೆ ಚಪ್ಪಟೆ ಗೆರೆ ಬರಬೇಕು. ಅಲ್ಲೂ ಗ್ಲಿಚ್ ಕಂಡರೆ ಅದು ಬಂದದ್ದು ಸಿಗ್ನಲಿನಿಂದಲ್ಲ. ಪಕ್ಕದ ರಿಲೇಯಿಂದಲೋ ಮೋಟರಿನಿಂದಲೋ ಹೊರಟು ಪ್ರೋಬಿನ ತಂತಿಯಲ್ಲಿ ಸೇರಿಕೊಂಡದ್ದು. ನಿಧಾನವಾಗಿ ಏರುವ ಸಿಗ್ನಲಿನ ಮೇಲೆ ಸದ್ದಿದ್ದರೆ ಟ್ರಿಗರ್ ಮಟ್ಟವನ್ನು ಅದು ಹಲವು ಸಲ ದಾಟಿ ಇಲ್ಲದ ಕಿರುಪಲ್ಸ್‌ಗಳನ್ನು ಟ್ರಿಗರಿಗೆ ಕಾಣಿಸುತ್ತದೆ ಎಂಬುದೂ ನೆನಪಿರಲಿ. ಆಗ ಟ್ರಿಗರ್ ಮೆನುವಿನ ನಾಯ್ಸ್ ರಿಜೆಕ್ಟ್ ಉಪಯೋಗಕ್ಕೆ ಬರುತ್ತದೆ. ವೇಗದ ಬದಲಾವಣೆಗಳನ್ನು ತಡೆಯುವ, ಅದರ ಪಕ್ಕದ ಎಚ್‌ಎಫ್ ರಿಜೆಕ್ಟನ್ನು ಮಾತ್ರ ಮುಟ್ಟಬೇಡಿ, ಗ್ಲಿಚ್ಚನ್ನೂ ಸೇರಿಸಿ ತಿಂದುಬಿಡುತ್ತದೆ.

ನಿಜವಾದ ಗ್ಲಿಚ್ ಸಿಕ್ಕಿತೆಂದುಕೊಳ್ಳೋಣ. ಅದರ ಚಿತ್ರಕ್ಕಿಂತ ಅದರ ಹಿಂದಿನ ಕ್ಷಣಗಳಿಗೆ ಬೆಲೆ ಹೆಚ್ಚು. ಡಿಜಿಟಲ್ ಸ್ಕೋಪ್ ಸದಾ ದಾಖಲಿಸಿಕೊಳ್ಳುತ್ತ ಹಳೆಯದನ್ನು ಅಳಿಸುತ್ತ ಇರುವುದರಿಂದ ಟ್ರಿಗರಿಗೆ ಮೊದಲು ನಡೆದದ್ದೂ ಅದರ ಮೆಮೊರಿಯಲ್ಲಿರುತ್ತದೆ. ಟ್ರಿಗರ್ ಬಿಂದುವನ್ನು ತೆರೆಯ ಬಲಭಾಗಕ್ಕೆ ಸರಿಸಿ, ಎರಡನೇ ಚಾನಲನ್ನು ಅನುಮಾನವಿರುವ ಜಾಗಕ್ಕೆ ಹಚ್ಚಬೇಕು: ವಿದ್ಯುತ್ ಪೂರೈಕೆಯ ರೇಲಿಗೆ, ರಿಲೇಯ ಕಾಯಿಲಿಗೆ, ಹಿಂದಿನ ಗೇಟಿಗೆ. ನಮ್ಮ ಕೌಂಟರ್ ಪ್ರಯೋಗದಲ್ಲಿ 6 ಮತ್ತು 5ನೇ ಪಿನ್‌ಗಳಿಗೆ ಇನ್ನೆರಡು ಪ್ರೋಬ್ ಹಚ್ಚಿ ಸಿಂಗಲ್ ಒತ್ತುತ್ತ ಹೋಗಿ. ಮೂರು ಗ್ಲಿಚ್‌ಗಳಲ್ಲಿ ಒಂದರಲ್ಲಿ, 6ನೇ ಪಿನ್ ಬಿದ್ದು 5ನೇ ಪಿನ್ ಇನ್ನೂ ಏಳದಿರುವ ಸಂದು ಸ್ಪಷ್ಟವಾಗಿ ಕಾಣುತ್ತದೆ. ಗ್ಲಿಚ್ ಆ ಸಂದಿನಲ್ಲೇ, ಗೇಟಿನ ವಿಳಂಬದಷ್ಟು ಮಾತ್ರ ತಡವಾಗಿ ಕೂತಿರುತ್ತದೆ. ಕಾರಣ ಕಂಡ ಮೇಲೆ ಮದ್ದು ತಾನಾಗಿ ಹೊಳೆಯುತ್ತದೆ: ಎಲ್ಲ ಬಿಟ್‌ಗಳೂ ಒಂದೇ ಗಡಿಯಾರದ ಅಂಚಿಗೆ ಬದಲಾಗುವ 74ಎಚ್‌ಸಿ163ರಂಥ ಕೌಂಟರ್ ಹಾಕುವುದು. ಅದರಲ್ಲೂ ಬಿಟ್‌ಗಳ ನಡುವೆ ಒಂದೆರಡು ನ್ಯಾನೊಸೆಕೆಂಡಿನ ವ್ಯತ್ಯಾಸ ಉಳಿಯಬಹುದಾದ್ದರಿಂದ, ಗೇಟಿನ ಔಟ್‌ಪುಟ್ಟನ್ನು ನೇರವಾಗಿ ಬಳಸದೆ ಗಡಿಯಾರದ ಎದುರು ಅಂಚಿನಲ್ಲಿ ಒಂದು ಫ್ಲಿಪ್‌ಫ್ಲಾಪಿನ ಮೂಲಕ ಹಾಯಿಸಿದರೆ ಇನ್ನೂ ಕ್ಷೇಮ.

ಪ್ರಯೋಗದ ಗ್ಲಿಚ್ 16 ಮಿಲಿಸೆಕೆಂಡಿಗೆ ಮೂರು ಸಲ ತಪ್ಪದೆ ಬರುವುದರಿಂದ ಮದ್ದು ಫಲಿಸಿತೋ ಇಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ. ಯಾವಾಗಲೋ ಬರುವ ಗ್ಲಿಚ್ಚಿಗೆ ತಾಳ್ಮೆಯ ಲೆಕ್ಕ ಬೇಕು. ಸರಾಸರಿ ಗಂಟೆಗೊಮ್ಮೆ, ಯಾವ ಕ್ರಮವೂ ಇಲ್ಲದೆ ಬರುತ್ತಿದ್ದ ಗ್ಲಿಚ್ ಇದು ಎಂದುಕೊಳ್ಳಿ. ಏನೂ ರಿಪೇರಿ ಮಾಡದಿದ್ದರೂ ಅದು ಒಂದು ಗಂಟೆ ಬಾರದೇ ಇರುವ ಸಾಧ್ಯತೆ ಶೇಕಡಾ 37ರಷ್ಟಿದೆ! ಮೂರು ಗಂಟೆ ಬಾರದಿರುವ ಸಾಧ್ಯತೆ ಶೇಕಡಾ 5, ಐದು ಗಂಟೆಗೆ ಶೇಕಡಾ 1ಕ್ಕಿಂತ ಕಡಿಮೆ. ಆದ್ದರಿಂದ ಕಾಯುವ ಮೊದಲು ಬಲೆ ಗಟ್ಟಿಯಿದೆಯೇ ಎಂದು ನೋಡಲು ಸಿಗ್ನಲ್ ಜನರೇಟರಿನಿಂದ ಒಂದು ಕಿರುಪಲ್ಸ್ ಕೊಟ್ಟು ಟ್ರಿಗರ್ ಹಾರುವುದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಅದೇ ಷರತ್ತಿನಲ್ಲಿ, ನಾರ್ಮಲ್ ಸ್ಥಿತಿಯಲ್ಲಿ ಸ್ಕೋಪನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಿ. ಹಿಂಬದಿಯಲ್ಲಿ ಟ್ರಿಗರ್ ಔಟ್ ಕನೆಕ್ಟರ್ ಇದ್ದರೆ ಅದನ್ನೊಂದು ಕೌಂಟರಿಗೆ ಜೋಡಿಸಿದರೆ ಎಷ್ಟು ಸಲ ಹಾರಿತು ಎಂಬ ಲೆಕ್ಕವೂ ಸಿಗುತ್ತದೆ. ಐದು ಗಂಟೆಯ ನಂತರವೂ ಆ ಕೌಂಟರ್ ಸೊನ್ನೆಯಲ್ಲೇ ಇದ್ದರೆ ಬೋರ್ಡನ್ನು ಪೆಟ್ಟಿಗೆಯೊಳಗೆ ಕೂರಿಸಿ ಸ್ಕ್ರೂ ಬಿಗಿಯಬಹುದು.